ಮನ್ಮಥಪ್ಪನ ಸೋಲಾರ್ ಸೇವೆ

ತೆಲಂಗಾಣದ ಸುದ್ದಿ ಇನ್ನೇನು ಶುರುವಾಗಬೇಕು, ಮನ್ಮಥಪ್ಪನ ಟಿವಿ ಕಣ್ಣು ಮುಚ್ಚಿತು. ಪ್ರತ್ಯೇಕ ರಾಜ್ಯಕ್ಕಾಗಿ ನಡೆದ ಮುಷ್ಕರದ ದಿನಗಳು. ತಾಂಡೂರಿನಲ್ಲಿ ಕರೆಂಟು ಮುನಿಸಿಕೊಂಡ ಅಳಿಯನಂತೆ ಮುಖ ತೋರಿಸಿ ಹೋಗುತ್ತಿತ್ತು. ಸೋಲಾರ್ ಪ್ಲೇಟು ಇದ್ದದ್ದು ಇವನೊಬ್ಬನ ಮಾಳಿಗೆಯ ಮೇಲೆ. ಹಾಗಾಗಿ ಮಟಮಟ ಮಧ್ಯಾಹ್ನ ಓಣಿಗೆ ಓಣಿಯೇ ಅವನ ಪಡಸಾಲೆಯಲ್ಲಿತ್ತು.

ಪಕ್ಕದ ಮನೆಯ ಪೋಚಪ್ಪ ಮೆಲ್ಲಗೆ ಕೇಳಿದ: "ಪ್ಲೇಟ್ ದಿನಾ ಒರಸ್ತೀರಿಲ್ರಿ ಅಣ್ಣಾ?"

ಸುತ್ತಲೂ ಪರ್ಸಿ ಕಲ್ಲು ಕೊಯ್ಯುವ ಮಷಿನ್ನುಗಳ ಊರು, ಧೂಳಿಗೇನು ಬರ.

"ನಮ್ಮವರು ಲಿಂಗಪೂಜಿ ಬಿಟ್ಟಾರು, ಒರಸಾದು ಬಿಡಂಗಿಲ್ಲ," ಎಂದಳು ಹೆಂಡತಿ ಪ್ರೇಮಲಾ. ಬೆಳಗಾದರೆ ಗಂಡ ಬಕೀಟು, ಅರಿವೆ ಹಿಡಿದು ಮೇಲೇರುವುದನ್ನು ಆಕೆ ನೋಡಿದವಳೇ. ಮೊಣಕಾಲು ನೋವು, ತಾನು ಮಾತ್ರ ಹತ್ತಿದವಳಲ್ಲ.

ಮನ್ಮಥಪ್ಪನಿಗೆ ಮಾಳಿಗೆಯತ್ತ ಚಾಚಿದ್ದ ಪೋಚಪ್ಪನ ಬೇವಿನ ಕೊಂಬೆ ನೆನಪಾಯಿತು.

"ಎಲ್ಲಾ ನಿನ್ನ ಗಿಡದ ನೆಳ್ಳಿನ ಕೆಲಸ ನೋಡಪ್ಪಾ."

ಪೋಚಪ್ಪನ ಮುಖ ಸಣ್ಣದಾಯಿತು. ಅದು ಗ್ರಾಮದೇವತೆ ಪೋಚಮ್ಮನ ಗಿಡ, ವರ್ಷಾವರ್ಷಾ ಅದರ ಬುಡಕ್ಕೆ ಅವನ ಮನೆಯವರು ನೈವೇದ್ಯದ ಬೋನ ಇಡುತ್ತಿದ್ದರು. ಕೊಂಬೆ ಕಡಿಸದೆ ಓಣಿಯವರು ಬಿಡಲಿಲ್ಲ. ಅರಿಶಿನ ನೀರೆರೆದು, ಕಾಯಿ ಒಡೆದು, ತಪ್ಪಾಯಿತು ತಾಯಿ ಎಂದು ಕೈಮುಗಿದು ಪೋಚಪ್ಪ ಕೊಡಲಿ ಎತ್ತಿದ. ಕೊಂಬೆ ಬಿದ್ದಾಗ ಮನ್ಮಥಪ್ಪ ನೆಲ ನೋಡುತ್ತಿದ್ದ.

ಟಿವಿ ಜಪ್ಪಯ್ಯ ಎನ್ನಲಿಲ್ಲ. ಮೇಲೆ ಹೋಗಿಯೇ ನೋಡೋಣ ಎಂದು ಜನ ಎದ್ದಿತು. ಶಾಕ್ ಹೊಡೆಯುತ್ತದೆ ಎಂದು ಮನ್ಮಥಪ್ಪ ಮೆಟ್ಟಿಲಿಗೆ ಅಡ್ಡ ನಿಂತ.

"ನಿಮಗ ದಿನಾ ಹೊಡೀತದೇನ್ರಿ?" ಎಂದು ಎದುರುಮನೆಯ ಶಕುಂತಲಾಬಾಯಿ ಅವನನ್ನು ಸರಿಸಿ ಹತ್ತಿದಳು.

ಪ್ಲೇಟು ಮೈತುಂಬ ವಿಭೂತಿ ಬಳಿದುಕೊಂಡ ಜಂಗಮನಂತಿತ್ತು. ಬಕೀಟು ಒಣಗಿತ್ತು. ಪ್ಲೇಟಿನ ಕೆಳಗೆ ಬೀಡಿ ತುಂಡುಗಳ ಗುಡ್ಡೆ. ಹೋದ ಶ್ರಾವಣದಲ್ಲಿ ಪ್ರೇಮಲಾಳ ಎದುರೇ ಗುರುಗಳ ಪಾದ ಮುಟ್ಟಿ ಬಿಟ್ಟ ಬೀಡಿ!

"ಏನಾಗ್ಯಾದ್ರಿ ಮ್ಯಾಲ?" ಕೆಳಗಿನಿಂದ ಆಕೆಯ ದನಿ.

ಪೋಚಪ್ಪ ತುಂಡುಗಳನ್ನು ಕಾಲಿನಿಂದ ಮೂಲೆಗೆ ಸರಿಸಿದ.

"ಏನಿಲ್ರಿ ವೈನಿ, ಜರಾ ಧೂಳ ಕುಂತದ."

ಬೈದಿದ್ದರೇ ವಾಸಿಯಿತ್ತು. ಮನ್ಮಥಪ್ಪ ತಲೆ ಎತ್ತದೆ ಒರೆಸಿದ. ಟಿವಿ ಕಣ್ಣು ಬಿಟ್ಟಾಗ ಸುದ್ದಿ ಮುಗಿದು ಸಾಬೂನಿನ ಜಾಹೀರಾತು ಬರುತ್ತಿತ್ತು.

ಮರುದಿನ ಬೆಳಿಗ್ಗೆ ಅವನು ನಿಜವಾಗಿಯೂ ಪ್ಲೇಟು ಒರೆಸಿದ, ಕನ್ನಡಿಯಾಗುವಂತೆ. ಆಮೇಲೆ ಎಂದಿನ ಜಾಗದಲ್ಲಿ ಕೂತ. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕಡ್ಡಿ ಗೀರಿ ಒಂದು ದಮ್ಮು ಎಳೆದನಷ್ಟೇ, ಬೆನ್ನಿಗೆ ಬಿಸಿಲು ಚುರ್ರೆಂದಿತು. ತಿರುಗಿದ. ಇಷ್ಟು ದಿನ ಅಂಗಳಕ್ಕೂ ಅವನಿಗೂ ನಡುವೆ ಮರೆಯಾಗಿದ್ದ ಕೊಂಬೆ ಇರಲಿಲ್ಲ.

ಕೆಳಗೆ ರಂಗೋಲಿ ಹಾಕುತ್ತಿದ್ದ ಪ್ರೇಮಲಾ ಮುಖ ಮೇಲೆತ್ತಿ ನೋಡುತ್ತಿದ್ದಳು.

"ಏನ್ರಿ, ಸೋಲಾರ್ ಹೊಗಿ ಬಿಡ್ಲಿಕತ್ತದಲ್ರಿ?"