ಎತ್ತು ನೋಡಿದಂತೆ ಟ್ರ್ಯಾಕ್ಟರ್ ನೋಡಿದ್ದು

ಎತ್ತು ಆರಿಸುವ ವಿದ್ಯೆ ಬಲ್ಲವನಿಗೆ ಜಗತ್ತಿನಲ್ಲಿ ಬೇರೆ ಯಾವುದನ್ನು ಆರಿಸುವುದೂ ಕಷ್ಟವಲ್ಲ ಎಂಬುದು ನನ್ನ ದೃಢ ನಂಬಿಕೆ. ನಮ್ಮಪ್ಪ ಎತ್ತಿನ ಸುತ್ತ ಒಂದು ಸುತ್ತು ಬಂದು, ಹಣೆಯ ಸುಳಿ ನೋಡಿ, ಬೆನ್ನ ಮೇಲೆ ಕೈಯಾಡಿಸಿ, ಹಿಂದೆ ನಿಂತು ಅದರ ನಡಿಗೆ ಪರೀಕ್ಷಿಸಿದನೆಂದರೆ ತೀರ್ಪು ಬಂದಂತೆಯೇ. ಫ್ಯಾನು, ಕಪಾಟು, ಅಳಿಯ ಎಲ್ಲವನ್ನೂ ನಾನು ಇದೇ ಪದ್ಧತಿಯಿಂದ ಆರಿಸಿದ್ದೇನೆ. ಫ್ಯಾನೊಂದನ್ನು ಬಿಟ್ಟರೆ ಉಳಿದವು ಸದ್ದು ಮಾಡುವುದಿಲ್ಲ.

ಹೊಂಬಳದಲ್ಲಿ ನನಗೊಂದು ಸಣ್ಣ ಎರೆಮಣ್ಣಿನ ಹೊಲವಿದೆ. ಎತ್ತು ಮಾರಿದ ಮೇಲೆ ಅಲ್ಲಿ ಎಡೆ ಹೊಡೆಯುವುದೇ ತಾಪತ್ರಯವಾಯಿತು. ಹತ್ತಿ ಮೊಳಕಾಲೆತ್ತರ ಬಂದಾಗ ಸಾಲುಗಳ ನಡುವೆ ಕುಂಟೆ ಎಳೆದು ಕಸ ತೆಗೆಯಬೇಕು. ಅಣ್ಣನ ದೊಡ್ಡ ಟ್ರ್ಯಾಕ್ಟರ್ ಒಳಹೊಕ್ಕರೆ ಕಸದ ಜೊತೆ ಹತ್ತಿಯೂ ಸ್ವರ್ಗಸ್ಥವಾಗುತ್ತದೆ. ಬಾಡಿಗೆ ಎತ್ತು ಸಿಗುವ ಹೊತ್ತಿಗೆ ಹತ್ತಿ ಯಾವುದು, ಕಸ ಯಾವುದು ಎಂದು ವಿಚಾರಣೆ ನಡೆಸಬೇಕು. ಆದ್ದರಿಂದ ಸಣ್ಣ ಟ್ರ್ಯಾಕ್ಟರ್ ಕೊಳ್ಳುವುದಾಗಿ ಘೋಷಿಸಿದೆ. ಅಣ್ಣ ಮೀಸೆಯೊಳಗೇ ನಕ್ಕ.

"ಅದು ಟ್ರ್ಯಾಕ್ಟರ್ ಅಲ್ಲೋ ತಮ್ಮಾ, ಟ್ರ್ಯಾಕ್ಟರಿನ ಮರಿ. ಹತ್ತಿ ಮುರೀದಂಗ ಎಡಿ ಹೊಡದ ತೋರಸು. ಆಗಲಿಲ್ಲಂದ್ರ ಬರೂ ವರ್ಷದಿಂದ ಹೊಲಾ ನನಗ ಲಾವಣಿಗೆ ಹಾಕು. ನಾ ಬಿತ್ತತೀನಿ, ನೀ ಮನ್ಯಾಗ ಪೇಪರ್ ಓದಕೋತ ಕುಂಡ್ರು."

"ಆತು" ಎಂದುಬಿಟ್ಟೆ. ಹೊಲ ಗೇಣಿಗೆ ಹೋದರೆ ಅಪ್ಪನಿಂದ ಬಂದ ಅದೇ ಹೊಲದ ಬದುವಿನ ಮೇಲೆ ಇನ್ನು ಮುಂದೆ ಬೀಗರಂತೆ ಓಡಾಡಬೇಕಾದೀತೆಂದು ತಿಳಿದ ಹೆಂಡತಿ ಶಾಂತವ್ವ ಅಂದು ರೊಟ್ಟಿ ಬಡಿದ ಸದ್ದೇ ಬೇರೆ ಇತ್ತು.

ಗದಗಿನ ಟ್ರ್ಯಾಕ್ಟರ್ ಅಂಗಡಿಗೆ ನಾನು ಒಂದು ಕೋಲು ಹಿಡಿದು ಹೋದೆ. ಎರಡು ಹತ್ತಿ ಸಾಲುಗಳ ನಡುವಿನ ಅಂತರಕ್ಕೆ ಸರಿಯಾಗಿ ಕತ್ತರಿಸಿದ ಕೋಲು ಅದು. ಅಂಗಡಿಯವನು ಎಂಜಿನ್ನಿನ ಗುಣಗಾನ ಮುಗಿಸಿ, "ಸರ, ಒಮ್ಮಿ ಮ್ಯಾಲ ಕುಂತು ನೋಡ್ರಿ" ಎಂದ.

"ಎತ್ತು ಕೊಳ್ಳಾಂವ ಎತ್ತಿನ ಬೆನ್ನ ಮ್ಯಾಲ ಕುಂತು ನೋಡ್ತಾನೇನ್ರಿ? ನೀವು ಹೊಡೀರಿ, ನಾ ಹಿಂದ ನಿಂತು ನಡಿಗಿ ನೋಡ್ತೀನಿ."

ಅವನು ಪಾಪ, ಅಂಗಳದಲ್ಲಿ ಒಂದೊಂದನ್ನೇ ನಡೆಸಿ ತೋರಿಸಿದ. ನಾನು ಕೋಲು ಅಡ್ಡ ಹಿಡಿದು ಗಾಲಿಯಿಂದ ಗಾಲಿಗೆ ಅಳೆದೆ. ಕೊನೆಯದೊಂದು ಕೋಲಿಗಿಂತ ಒಂದು ಗೇಣು ಕಡಿಮೆ ಬಂತು. ನಡಿಗೆಯೂ ಗಂಭೀರವಾಗಿತ್ತು. ಹಣೆಯ ಮೇಲೆ ಸುಳಿ ಇರಲಿಲ್ಲ. ದೋಷವಿಲ್ಲವೆಂದೇ ಅರ್ಥ ಮಾಡಿಕೊಂಡೆ.

ಅಂಗಡಿಯ ಡ್ರೈವರನೇ ಮನೆಗೆ ತಂದ. ಪೂಜೆಯಾಯಿತು, ಗಾಲಿಯಡಿ ನಿಂಬೆಹಣ್ಣು ಒಡೆಯಿತು. ಅವನೇ ಹೊಲಕ್ಕೆ ಒಯ್ದು, ಕುಂಟೆ ಕಟ್ಟಿ ಬಿಟ್ಟು ಹೋದ. ಮರುದಿನ ಬೆಳಗ್ಗೆ ಅಣ್ಣ ಛತ್ರಿ ಸಮೇತ, ಶಾಂತವ್ವ ಬುತ್ತಿ ಸಮೇತ ಬದುವಿನ ಮೇಲೆ ನಿಂತಿದ್ದರು. ನಾನು ಸಿಂಹಾಸನ ಏರುವ ಗಾಂಭೀರ್ಯದಿಂದ ಹತ್ತಿದೆ. ನನಗಿಂತ ಮೊದಲು ನನ್ನ ಹೊಟ್ಟೆ ಸ್ಟೇರಿಂಗ್ ಹಿಡಿಯಿತು. ಸೀಟು ಹಿಂದಕ್ಕೆ ಸರಿಸಿದರೆ ಹೊಟ್ಟೆಗೆ ಜಾಗವಾಯಿತು, ಕಾಲಿಗೆ ಕ್ಲಚ್ ಸಿಗಲಿಲ್ಲ. ಮುಂದಕ್ಕೆ ಸರಿಸಿದರೆ ಕ್ಲಚ್ ಸಿಕ್ಕಿತು, ಉಸಿರು ಸಿಗಲಿಲ್ಲ.

"ಸಾಲು ಅಳದಿ ಖರೆ, ಹೊಟ್ಟಿ ಅಳೀಲಿಲ್ಲಲೇ" ಎಂದ ಅಣ್ಣ. ಲಾವಣಿಯ ಕಳೆ ಅವನ ಮುಖದಲ್ಲಿ ಆಗಲೇ ಬಂದಿತ್ತು.

"ಇಳೀರಿ ಕೆಳಗ" ಎಂದಳು ಶಾಂತವ್ವ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ.

"ನಿನಗ ಹೊಡ್ಯಾಕ ಬರತೈತೇನ?"

"ಲಕ್ಷ್ಮೇಶ್ವರದಾಗ ನಮ್ಮಪ್ಪನ ಹೊಲದಾಗ ಟ್ರ್ಯಾಕ್ಟರ್ ಯಾರು ಹೊಡೀತಿದ್ರಂತ ತಿಳದೀರಿ?"

ಮದುವೆಯಾಗಿ ಇಷ್ಟು ವರ್ಷವಾದರೂ ನಾನದನ್ನು ಕೇಳಿರಲಿಲ್ಲ. ಅವಳೂ ಕೇಳದ್ದನ್ನು ಹೇಳುವವಳಲ್ಲ. ಅವಳ ಕೈಯಲ್ಲಿ ಟ್ರ್ಯಾಕ್ಟರ್ ಕುಂಟೆ ಎಳೆಯುತ್ತ ಸಾಲಿನೊಳಗೆ ಇಳಿಯಿತು, ಎರಡೂ ಬದಿಯ ಹತ್ತಿಗೆ ನಮಸ್ಕಾರ ಹೇಳುತ್ತ ಆ ತುದಿ ಮುಟ್ಟಿತು. ಅಣ್ಣ ಛತ್ರಿ ಮಡಚಿ, ಮುರಿದ ಗಿಡ ಹುಡುಕುತ್ತ ಸಾಲುಸಾಲು ತಿರುಗಿದ. ತಂದದ್ದು ಒಂದು ಒಣ ಎಲೆ, ಅದು ಬೇವಿನದು.

"ಹೊಡದಾಕಿ ಶಾಂತವ್ವ. ನೀ ಏನ್ ಮಾಡಿದಿ?"

"ಆರಿಸಿದಾಂವ ಯಾರಣ್ಣಾ?" ಎಂದೆ. ಅಣ್ಣ ಎಲೆಯನ್ನೇ ನೋಡುತ್ತ, "ಹೊಲಾ ನೀನ ಮಾಡಪಾ" ಎಂದ. ಅಷ್ಟು ಮಧುರವಾದ ವಾಕ್ಯವನ್ನು ನಾನು ಈಚೆಗೆ ಕೇಳಿಲ್ಲ.

ಆ ಹೊತ್ತಿಗೆ ಶಾಂತವ್ವ ಬದುವಿನ ಬಳಿ ಟ್ರ್ಯಾಕ್ಟರ್ ತಿರುಗಿಸಿದಳು. "ರೀ, ತಿರಗೋ ಜಾಗಾದಾಗ ಕುಂಟಿ ಹತ್ತಂಗಿಲ್ಲ. ಕುರಪಿ ತಗೊಂಡು ಅಲ್ಲೆ ಕುಂಡ್ರಿ, ಕಸಾ ತಗೀರಿ" ಎಂದಳು.

ಕುಂತೆ. ಅಲ್ಲಿಯೂ ಹೊಟ್ಟೆ ಅಡ್ಡ ಬಂತು. ಆದರೇನು, ನನ್ನ ಹೊಲದ ಕಸ ತೆಗೆಯುವ ಹಕ್ಕನ್ನು ಇನ್ನು ಯಾರೂ ನನ್ನಿಂದ ಕಸಿಯಲಾರರು.