ಕಾರಿಲ್ಲದ ಶೆಡ್ಡಿನ ಇಬ್ಬರು ಮೇಸ್ತ್ರಿಗಳು

ಹೆಂಗಸು ಕೈಯಲ್ಲಿ ಸೌಟು ಹಿಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಕೈಯಲ್ಲಿ ಡ್ರಿಲ್ಲಿಂಗ್ ಮಷೀನು ಹಿಡಿದು ನೋಡಲಿ, ವಾರಕ್ಕೊಂದು ಪ್ರಸಂಗ ತಾನಾಗಿಯೇ ಮನೆ ಹುಡುಕಿಕೊಂಡು ಬರುತ್ತದೆ. ನಮ್ಮ ಮನೆಗಂತೂ ವಿಳಾಸವನ್ನೂ ಕೇಳದೆ ಬರುತ್ತದೆ.

ನಾನು ಯಶವಂತಪುರದ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹದಿನೆಂಟು ವರ್ಷ ಶರ್ಟುಗಳ ಹೊಲಿಗೆ ಸರಿಯಿದೆಯೇ ಎಂದು ನೋಡುತ್ತಿದ್ದವಳು. ಫ್ಯಾಕ್ಟರಿ ಊರಾಚೆ ಹೋಯಿತು, ನಾನು ಮನೆಯೊಳಗೆ ಬಂದೆ. ಸುಮ್ಮನೆ ಕೂರಲಾರದೆ ಒಂದು ಹಳೇ ಡ್ರೆಸ್ಸಿಂಗ್ ಟೇಬಲ್ಲನ್ನು ಉಜ್ಜಿ ಬಣ್ಣ ಬಳಿದೆ. ಅದನ್ನು ನೋಡಿ ಪಕ್ಕದ ಮನೆ ಆಪಾ ತಮ್ಮ ಟೀಪಾಯಿ ತಂದರು. ಟೀಪಾಯಿಯ ಹಿಂದೆಯೇ ತಾವೂ ಬಂದು ಸೇರಿಕೊಂಡರು. ಅವರು ನನ್ನನ್ನು ಅಕ್ಕ ಎನ್ನುತ್ತಾರೆ, ನಾನು ಅವರನ್ನು ಆಪಾ ಎನ್ನುತ್ತೇನೆ. ಆಪಾ ಎಂದರೂ ಅಕ್ಕನೇ. ನಮ್ಮಿಬ್ಬರಲ್ಲಿ ಚಿಕ್ಕವರೇ ಇಲ್ಲ.

ಕೊಡಿಗೇಹಳ್ಳಿಯ ಈ ಮನೆ ನಮ್ಮ ಅತ್ತೆಯ ಹೆಸರಿನಲ್ಲಿದೆ. ಮುಂದಿನ ಕಾರ್ ಶೆಡ್ಡೂ ಅವರದೇ. ಶೆಡ್ಡಿದೆ, ಕಾರಿಲ್ಲ. ಕಾರು ಕೊಳ್ಳಬೇಕೆಂಬುದು ನಮ್ಮ ಯಜಮಾನರ ಏಳು ವರ್ಷದ ಆಸೆ. ಅವರು ಬಣ್ಣ ಆರಿಸಿ ಮುಗಿಸುವಷ್ಟರಲ್ಲಿ ಕಂಪನಿಯವರು ಆ ಕಾರು ಮಾಡುವುದನ್ನೇ ನಿಲ್ಲಿಸಿರುತ್ತಾರೆ. ಆ ಸಂದಿನಲ್ಲಿ ನಾನು ವರ್ಕ್‌ಶಾಪಿಗೆ ಶೆಡ್ಡು ಕೇಳಿದೆ. “ನನ್ ಮಗ ಕಾರ್ ತರೋಗಂಟ ಮಾಡ್ಕೊ ಓಗು. ಕಾರ್ ಬಂದ್ ದಿನ ನಿನ್ ಗರಗಸ, ಉಳಿ ಎಲ್ಲಾ ಈಚೆಗೆ” ಎಂದರು ಅತ್ತೆ. ಅಂದಿನಿಂದ ಇವರು ಪೇಪರಿನಲ್ಲಿ ಕಾರಿನ ಜಾಹೀರಾತು ನೋಡಿದಾಗಲೆಲ್ಲ ನನ್ನ ಎದೆ ಡವಡವ.

ಮೇಸ್ತ್ರಿಯನ್ನು ಕಳಿಸಿ

ಮರ ಉಜ್ಜುವ ಉಪ್ಪುಕಾಗದ ಬೇಕಾಗಿತ್ತು. ನಾನು, ಆಪಾ ಇಬ್ಬರೂ ಯಲಹಂಕದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಆ ಅಂಗಡಿಗೆ ನಮ್ಮ ಮೊದಲ ಭೇಟಿ. ನೂರಿಪ್ಪತ್ತು ನಂಬರಿನದು ಹತ್ತು ಹಾಳೆ, ಇನ್ನೂರಿಪ್ಪತ್ತರದ್ದು ಹತ್ತು ಹಾಳೆ ಎಂದೆ. ಅಂಗಡಿಯವರು ನನ್ನ ಸೀರೆ, ಆಪಾನ ಬುರ್ಖಾ ಎರಡನ್ನೂ ನೋಡಿ, “ಯಾವ ಕೆಲಸಕ್ಕಮ್ಮ?” ಎಂದರು.

“ಕುರ್ಚಿಗೆ.”

“ಕುರ್ಚಿ ಯಾರು ಮಾಡ್ತಿರೋದು?”

“ನಾವೇ.”

ಅವರು ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳು ಅಡುಗೆ ಆಟ ಆಡುವಾಗ ನಾವು ನಗುತ್ತೇವಲ್ಲ, ಆ ನಗು. “ನೋಡಿಮ್ಮ, ನಂಬರ್ ತಪ್ಪಾದ್ರೆ ಮರ ಎಲ್ಲಾ ಗೀರು ಬೀಳತ್ತೆ. ನಿಮ್ ಮೇಸ್ತ್ರೀನ ಕಳ್ಸಿ, ಅವ್ರಿಗೇ ಕೊಡ್ತೀನಿ.”

“ಮೇಸ್ತ್ರಿ ಇಲ್ಲ ಕಣ್ರೀ” ಎಂದೆ.

“ಅಯ್ಯೋ, ಹಾಗ್ ಹೇಳಿ ಮತ್ತೆ! ಕೊಡಿಗೇಹಳ್ಳೀಲಿ ಒಬ್ರು ಇದಾರಂತೆ, ಹಳೇ ಫರ್ನೀಚರ್ ಹೊಸದು ಮಾಡೋದ್ರಲ್ಲಿ ಎತ್ತಿದ ಕೈ ಅಂತೆ. ಮೊನ್ನೆ ಅವರ ಕಡೆಯೋರು ಯಾರೋ ಕಾರ್ಡ್ ಕೊಟ್ಟು ಹೋದ್ರು. ಇರಿ, ಈಗ್ಲೇ ಮಾತಾಡಿಸ್ತೀನಿ” ಎಂದು ಗಲ್ಲಾ ಪೆಟ್ಟಿಗೆಯ ಕೆಳಗಿಂದ ಒಂದು ಕಾರ್ಡು ತೆಗೆದು ನಂಬರ್ ಒತ್ತಿದರು.

ನನ್ನ ವ್ಯಾನಿಟಿ ಬ್ಯಾಗಿನೊಳಗೆ ಫೋನು ಬಡಿದುಕೊಳ್ಳತೊಡಗಿತು. ಕಾರ್ಡು ಕೊಟ್ಟು ಬಂದಿದ್ದವರು ನಮ್ಮ ಯಜಮಾನರು. ನಾನು ಅಲ್ಲೇ, ಅವರ ಮುಂದೆಯೇ ಫೋನು ಕಿವಿಗಿಟ್ಟುಕೊಂಡು, “ಹಲೋ, ಮೇಸ್ತ್ರಿ ಮಾತಾಡ್ತಿರೋದು” ಎಂದೆ.

ಅಂಗಡಿಯವರು ನನ್ನ ಮುಖ ನೋಡುತ್ತಲೇ ಫೋನಿನಲ್ಲಿ ಮುಂದುವರಿಸಿದರು: “ಸಾರ್, ಇಲ್ಲಿ ಇಬ್ರು ಹೆಂಗಸ್ರು ಬಂದಿದಾರೆ, ಇವ್ರಿಗೆ ಉಪ್ಪುಕಾಗದ ಕೊಡ್ಬಹುದಾ?”

ಶನಿವಾರದ ಕ್ಲಾಸು

ಹೆಂಗಸರಿಗಾಗಿಯೇ ಶನಿವಾರ ಒಂದು ಕ್ಲಾಸು ಶುರುಮಾಡಿದೆವು. ಮೊದಲ ಪಾಠ ಬಲು ಸುಲಭದ್ದು: ಮನೆಯಲ್ಲಿರುವ ಮರದ ಸಾಮಾನುಗಳ ಸ್ಕ್ರೂ ಸಡಿಲವಾಗಿದೆಯೇ ನೋಡುವುದು, ಸಡಿಲವಿದ್ದರೆ ಬಿಚ್ಚಿ, ಗೋಂದು ಹಾಕಿ, ಮತ್ತೆ ಬಿಗಿಯುವುದು. ಕ್ಲಾಸಿಗೆ ಐದು ಜನ ಬಂದಿದ್ದರು. ಅವರಲ್ಲಿ ಬಾಗಲಕೋಟೆ ಕಡೆಯ ಒಬ್ಬ ಕಾಲೇಜು ಮೇಡಂ ಎಲ್ಲರಿಗಿಂತ ಹುರುಪಿನವರು. ಹೋಗುವಾಗ ಒಂದು ಸ್ಕ್ರೂಡ್ರೈವರ್ ಸಾಲ ಕೇಳಿ ತೆಗೆದುಕೊಂಡು ಹೋದರು.

ಮಾರನೇ ದಿನ ಬೆಳಿಗ್ಗೆ ಅವರ ಯಜಮಾನರ ಫೋನು. ಪಿಸುದನಿ.

“ಮೇಡಮ್ಮಾರ, ನಮಸ್ಕಾರ ರೀ. ಮುಂಜಾನೆಯಿಂದ ಮನಿ ತುಂಬ ಅಡ್ಡಾಡಾಕತ್ತಾಳ್ರೀ. ಮಂಚ ಬಿಚ್ಚಿದ್ಳು, ಕಪಾಟ ಬಿಚ್ಚಿದ್ಳು, ಟೀವಿ ಸ್ಟ್ಯಾಂಡ ಬಿಚ್ಚಿದ್ಳು. ನಾ ನೆಲದ ಮ್ಯಾಲೆ ಕುಂತೀನಿ.”

“ಪರವಾಗಿಲ್ಲ ಸಾರ್, ಎಲ್ಲ ಬಿಗಿ ಮಾಡ್ತಾರೆ. ಇದು ಹೋಂವರ್ಕು.”

“ಅದು ಖರೆ ರೀ. ಆದ್ರ ಕೈಯಾಗ ಸ್ಕ್ರೂಡ್ರೈವರ್ ಹಿಡಕೊಂಡು, ‘ಇನ್ನೇನ್ ಸಡ್ಲ ಆಗೇತಿ ಈ ಮನ್ಯಾಗ’ ಅಂತ ಒಂದ್ ಸಲ ನನ್ನ ಕಡೀನೂ ನೋಡಿದ್ಳರೀ!”

ಕದ್ದ ಬೆಂಚು

ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಹಬ್ಬಕ್ಕೆ ಮುಂಚೆ ನಮ್ಮ ಬೀದಿಯಲ್ಲಿ ಮನೆಮನೆಗೂ ಸುಣ್ಣಬಣ್ಣ. ಒಳಗಿನ ಸಾಮಾನೆಲ್ಲ ಬೀದಿಯಲ್ಲಿ, ಹೊರಗಿನ ಧೂಳೆಲ್ಲ ಮನೆಯಲ್ಲಿ. ಆಗ ಹಿಂದಿನ ಬೀದಿಯ ಒಬ್ಬರು ಫೋನು ಮಾಡಿ, “ನಾವು ಊರಿಗೆ ಹೊರಟಿದೀವಿ, ಬೆಂಚು ಗೇಟಿನ ಹೊರಗಿಟ್ಟಿದೀವಿ, ತಗೊಂಡ್ ಹೋಗಿ ಬಣ್ಣ ಮಾಡಿ” ಎಂದರು. ನಾವು ಗೂಡ್ಸ್ ಆಟೋ ಮಾಡಿಕೊಂಡು ಹೋದೆವು. ಗೇಟಿನ ಹೊರಗೆ ಬೆಂಚಿತ್ತು, ಎತ್ತಿಕೊಂಡು ಬಂದೆವು. ಉಜ್ಜಿದೆವು, ಬಿರುಕಿಗೆ ಪುಟ್ಟಿ ತುಂಬಿದೆವು, ಗಿಳಿಹಸಿರು ಬಣ್ಣ ಹೊಡೆದೆವು.

ಮೂರನೇ ದಿನ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಗದ್ದಲ. ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದರು: “ಮೂವತ್ತು ವರ್ಷದಿಂದ ಕೂತು ಪೇಪರ್ ಓದುತ್ತಿದ್ದ ನನ್ನ ಬೆಂಚು ಕಳುವಾಗಿದೆ.” ಕೆಳಗೆ ಐವತ್ತು ಜನ ಮರುಗಿದ್ದರು. ನನಗೂ ಹೊಟ್ಟೆ ಉರಿಯಿತು. ಎರಡನೇ ಕೋಟಿಂಗ್ ಹೊಡೆಯುತ್ತಿದ್ದ ಬ್ರಷ್ಷನ್ನು ಅದೇ ಬೆಂಚಿನ ಮೇಲಿಟ್ಟು, “ಛೇ, ಎಂಥಾ ಕಾಲ ಬಂತು! ವಯಸ್ಸಾದವರ ಬೆಂಚು ಕದಿಯೋರು ಉದ್ಧಾರ ಆಗ್ತಾರಾ?” ಎಂದು ಬರೆದೆ. ಆಪಾ ಅದರ ಕೆಳಗೆ ಮೂರು ಅಳುಮುಖ ಹಾಕಿದರು.

ಸಂಜೆ, ಊರಿಂದ ಮರಳಿದ ಹಿಂದಿನ ಬೀದಿಯವರ ಫೋನು ಬಂತು: “ನಮ್ ಬೆಂಚು ಇನ್ನೂ ಇಲ್ಲೇ ಇದೆಯಲ್ಲ, ತಗೊಂಡ್ ಹೋಗ್ಲೇ ಇಲ್ವಾ?”

ಆಪಾ ನನ್ನ ಮುಖ ನೋಡಿದರು, ನಾನು ಬೆಂಚಿನ ಮುಖ ನೋಡಿದೆ. ಇಬ್ಬರೂ ಅದನ್ನು ಹೊತ್ತುಕೊಂಡು ತಲೆ ತಗ್ಗಿಸಿ ಮೇಷ್ಟ್ರ ಮನೆಗೆ ಹೋದೆವು. ಅವರು ಕನ್ನಡಕ ಏರಿಸಿ ಬೆಂಚಿನ ಸುತ್ತ ಎರಡು ಸುತ್ತು ಬಂದರು. ಅಲುಗಾಡಿಸಿದರು. ಅಲುಗಲಿಲ್ಲ. ನಾನು ಅಳುದನಿಯಲ್ಲಿ, “ತಪ್ಪಾಯ್ತು ಸಾರ್, ಬೇಕಿದ್ರೆ ಗುಂಪಲ್ಲಿ ನಾನೇ ಒಪ್ಕೊಂಡು ಬರೀತೀನಿ” ಎಂದೆ.

“ಬರೆಯೋದೇನೂ ಬೇಡಮ್ಮ” ಎಂದರು ಮೇಷ್ಟ್ರು. “ನಾಳೆ ನಾವು ಮನೇಲಿ ಇರಲ್ಲ. ಮಂಚಾನ ಹೊರಗಿಟ್ಟು ಹೋಗ್ತೀವಿ, ಅದನ್ನೂ ಕದ್ಕೊಂಡ್ ಹೋಗಿ.”

ರಸ್ತೆ ಅಗೆತ

ನಮ್ಮ ಯಜಮಾನರಿಗೆ ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಅವರು ಮೀಟಿಂಗಿಗೆ ಕೂತ ಗಳಿಗೆಗೂ ನಾನು ಡ್ರಿಲ್ ಹಾಕುವ ಗಳಿಗೆಗೂ ಏನೋ ಜನ್ಮಾಂತರದ ನಂಟು. ಒಂದು ದಿನ ಅವರ ಬಾಸು, “ಏನ್ರೀ ಅದು ಸೌಂಡು?” ಎಂದು ಕೇಳಿದರಂತೆ. ಹೆಂಡತಿ ಯಾರದೋ ಮಂಚ ಕೊರೆಯುತ್ತಿದ್ದಾಳೆ ಎನ್ನಲು ಇವರಿಗೆ ಸಂಕೋಚ. “ರಸ್ತೆ ಅಗೀತಿದಾರೆ ಸಾರ್” ಎಂದುಬಿಟ್ಟರು.

ಬೆಂಗಳೂರಿನಲ್ಲಿ ಈ ಮಾತಿಗೆ ಸಾಕ್ಷಿ ಕೇಳುವವರಿಲ್ಲ. ಐದು ತಿಂಗಳು ನಡೆಯಿತು. ಬಾಸು ಪಾಪ ಒಳ್ಳೆಯವರು. ಇವರ ಕಷ್ಟ ನೋಡಲಾರದೆ, ಇವರಿಗೂ ಹೇಳದೆ, ನಮ್ಮ ವಿಳಾಸ ಕೊಟ್ಟು ಎಲ್ಲಿಗೋ ದೂರು ಬರೆದರು.

ಒಂದು ಬೆಳಿಗ್ಗೆ ಕಿತ್ತಳೆ ಜಾಕೆಟ್ಟಿನ ನಾಲ್ವರು, ಅವರ ಹಿಂದೆ ಒಂದು ಟ್ರ್ಯಾಕ್ಟರ್ ಜಲ್ಲಿ. ಯಾವುದೋ ಗುತ್ತಿಗೆದಾರರ ಕಡೆಯವರು.

“ಎಲ್ಲಮ್ಮ ಗುಂಡಿ? ಮುಚ್ಚಕ್ಕೆ ಬಂದಿದೀವಿ.”

“ಇಲ್ಲಿ ಗುಂಡಿಯೇ ಇಲ್ವಲ್ಲಪ್ಪ!”

“ಐದು ತಿಂಗಳಿಂದ ಅಗೀತಾ ಇದಾರೆ ಅಂತ ಬರ್ದಿದೆ.” ಆತ ರಸ್ತೆಯ ಎರಡೂ ಕಡೆ ನೋಡಿ ತಲೆ ಕೆರೆದುಕೊಂಡ. “ಮುಚ್ಚಿದ್ದು ಫೋಟೋ ತೆಗ್ದು ಕಳಿಸ್ಬೇಕು ಕಣಮ್ಮ. ಮುಚ್ಚಬೇಕು ಅಂದ್ರೆ ಮೊದ್ಲು ಗುಂಡಿ ಬೇಕಲ್ವಾ?”

ಅಗೆದೇ ಬಿಟ್ಟರು. ಒಳಗೆ ಯಜಮಾನರ ಮೀಟಿಂಗು ನಡೆಯುತ್ತಿತ್ತು. ಆ ಸದ್ದಿನ ಮಧ್ಯೆ ಅವರು ಗಂಟಲು ಹರಿಯುವಂತೆ ಕೂಗುತ್ತಿದ್ದದ್ದು ಶೆಡ್ಡಿಗೂ ಕೇಳಿಸಿತು: “ಸಾರ್, ಇವತ್ತು ನಿಜವಾಗ್ಲೂ ರಸ್ತೇನೇ ಸಾರ್!”

ಕಂಪ್ಯೂಟರಿನಿಂದ ಬಾಸಿನ ದನಿ ಬಂತು: “ಹಾಗಾದ್ರೆ ಇಷ್ಟು ದಿನ?”

ನಾಲ್ಕನೇ ಕುರ್ಚಿ

ಆ ಅವಮಾನದ ನಂತರ ಇವರು ಕಾರು ಬುಕ್ ಮಾಡಿಯೇ ತೀರುತ್ತೇನೆಂದು ನಿಂತರು. ನಾನು ಅತ್ತೆಯ ಬಳಿ ಓಡಿದೆ. ಅವರು ಎಲೆಯಡಿಕೆ ಮೆಲ್ಲುತ್ತಾ ಯೋಚಿಸಿ ತೀರ್ಪು ಕೊಟ್ಟರು: “ಭಾನುವಾರ ನನ್ ಮೊಮ್ಮಗಳನ್ನ ನೋಡಕ್ಕೆ ಗಂಡಿನ ಕಡೆಯೋರು ನಮ್ಮನೆಗೇ ಬತ್ತಾರೆ. ಆಲ್‌ನಲ್ಲಿರೋ ನಾಕು ಕುರ್ಚಿ ವಸಾದ್ರಂಗೆ ಆಗ್ಬೇಕು. ಬಂದೋರ ಮುಂದೆ ನನ್ ಮಾನ ಉಳುದ್ರೆ ಶೆಡ್ಡು ನಿಂದು. ಇಲ್ದಿದ್ರೆ ಕಾರು.”

ಮೊಮ್ಮಗಳೆಂದರೆ ಅಬ್ಬಿಗೆರೆಯಲ್ಲಿರುವ ನನ್ನ ನಾದಿನಿಯ ಮಗಳು. ಹುಡುಗ, ಹುಡುಗಿ ಆಗಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಾಗಿತ್ತು. ಹೆಬ್ಬಾಳದಲ್ಲಿ ಮೂರು ಸಲ ಕಾಫಿ ಕುಡಿದದ್ದು ನಮಗೆ ಗೊತ್ತಿಲ್ಲ ಎಂದು ಅವರಿಬ್ಬರೂ ತಿಳಿದಿದ್ದರು. ತೊಡಕಿದ್ದದ್ದು ಹುಡುಗನ ಸೋದರಮಾವನದು. ಆ ಮನೆಯಲ್ಲಿ ಅವರು ಹೇಳಿದ್ದೇ ಮಾತು. ಈವರೆಗೆ ನಾಲ್ಕು ಮನೆಯಲ್ಲಿ ಕೇಸರಿಭಾತು, ಉಪ್ಪಿಟ್ಟು ಮುಗಿಸಿ, ಎದ್ದು ನಿಂತು, ಕೈಮುಗಿದು, “ಮನೆಗೆ ಹೋಗಿ ತಿಳಿಸ್ತೀವಿ” ಎಂದಿದ್ದರು. ನಮ್ಮ ಕಡೆ ಈ ಮಾತಿಗೆ ಏನರ್ಥವೆಂದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ಶುಕ್ರವಾರ ಮೂರು ಕುರ್ಚಿಗಳಿಗೆ ಪಾಲಿಶ್ ಆಯಿತು, ಶನಿವಾರ ನಾಲ್ಕನೆಯದಕ್ಕೆ. ಈ ಪಾಲಿಶಿಗೆ ಎರಡು ಡಬ್ಬ. ದೊಡ್ಡದರಲ್ಲಿ ಪಾಲಿಶ್, ಚಿಕ್ಕದರಲ್ಲಿ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್. ಅದನ್ನು ಬೆರೆಸದಿದ್ದರೆ ಪಾಲಿಶ್ ಮೇಲೆ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಬಿಸಿ ತಾಗಿದರೆ ಮತ್ತೆ ಅಂಟಾಗುತ್ತದೆ.

ಭಾನುವಾರ ಹತ್ತಕ್ಕೆ ಸರಿಯಾಗಿ ಬಂದರು. ಕುರ್ಚಿಗಳು ಕನ್ನಡಿ ಹೊಳೆದ ಹಾಗೆ ಹೊಳೆಯುತ್ತಿದ್ದವು. ಸೋದರಮಾವ ಗಂಜಿ ಹಾಕಿದ ಬಿಳಿ ಪಂಚೆಯಲ್ಲಿ ಗತ್ತಾಗಿ ಕೂತರು. ಅತ್ತೆ ನನ್ನತ್ತ ನೋಡಿ ಮೆಚ್ಚಿ ತಲೆಯಾಡಿಸಿದರು. ಎಲ್ಲರಿಗೂ ತಿಂಡಿ, ಕಾಫಿ ಕೊಟ್ಟು, ಶೆಡ್ಡು ನನ್ನದಾಯಿತು ಎಂದು ಕುಣಿಯುತ್ತಾ, ಇನ್ನೊಂದು ಸ್ಟೂಲು ತರಲು ಶೆಡ್ಡಿಗೆ ಹೋದೆ. ಶನಿವಾರಕ್ಕೆಂದು ತಂದಿದ್ದ ಚಿಕ್ಕ ಡಬ್ಬ ಅಲ್ಲೇ ಕೂತಿತ್ತು. ಅದರ ಸೀಲು ಒಡೆದಿರಲಿಲ್ಲ.

ಆಪಾನನ್ನು ಅಡುಗೆಮನೆಯಿಂದ ಎಳೆದುಕೊಂಡು ಬಂದೆ. “ನಿನ್ನೆ ಹಾರ್ಡ್‌ನರ್ ಹಾಕಿದ್ರಿ ತಾನೇ?”

“ಅರೆ, ನೀವು ಹಾಕಿದ್ರಲ್ಲ ಅಕ್ಕಾ?”

“ಯಾ ಅಲ್ಲಾ” ಎಂದೆ ನಾನು. “ಅಯ್ಯೋ ದೇವರೇ” ಎಂದರು ಆಪಾ.

ಓಡಿ ಬಂದು ನೋಡಿದರೆ, ನಾಲ್ಕನೇ ಕುರ್ಚಿಯ ಮೇಲೆ ಕೂತಿದ್ದವರು ಸೋದರಮಾವನೇ. ಕೂತು ಮುಕ್ಕಾಲು ಗಂಟೆಯಾಗಿತ್ತು. ತಿಂಡಿ ಮುಗಿದಿತ್ತು. ಅವರು ಗಂಟಲು ಸರಿಮಾಡಿಕೊಂಡು, ಕೈಮುಗಿಯಲು ಸಿದ್ಧರಾಗಿ ಏಳಲು ಹೋದರು. ಕುರ್ಚಿಯೂ ಜೊತೆಗೇ ಎದ್ದಿತು. ತಟ್ಟನೆ ಕೂತರು. ಮೆಲ್ಲಗೆ ಇನ್ನೊಮ್ಮೆ ಪ್ರಯತ್ನಿಸಿದರು. ಚರ್ ಎಂದು ಒಂದು ಸಣ್ಣ ಸದ್ದು. ಮತ್ತೆ ಕೂತರು. ಮುಖ ಬೆವರಿತು.

“ತಮ್ಮ ಅಭಿಪ್ರಾಯ?” ಎಂದು ನಾದಿನಿಯ ಯಜಮಾನರು ಹೆದರುತ್ತಾ ಕೇಳಿದರು.

“ಏನವಸರ? ಕೂತು ಮಾತಾಡೋಣ” ಎಂದರು ಸೋದರಮಾವ.

ಹುಡುಗನ ತಾಯಿ ಮೂಗಿನ ಮೇಲೆ ಬೆರಳಿಟ್ಟರು. “ನಮ್ಮಣ್ಣ ಇಷ್ಟು ಹೊತ್ತು ಯಾರ ಮನೇಲೂ ಕೂತಿಲ್ಲ ಕಣ್ರೀ!” ಎರಡನೇ ಕಾಫಿ ಬಂತು, ಮೂರನೆಯದೂ ಬಂತು. ಸೋದರಮಾವ ಮಳೆಯ ಮಾತಾಡಿದರು, ಮೆಟ್ರೋ ಮಾತಾಡಿದರು, ನಮ್ಮ ವಂಶದ ನಾಲ್ಕು ತಲೆಮಾರು ವಿಚಾರಿಸಿದರು. ಕೊನೆಗೆ ಖಾಲಿ ಲೋಟ ಎತ್ತಲು ಬಗ್ಗಿದ ನನ್ನ ಕಿವಿಯಲ್ಲಿ, “ತಾಯೀ, ಒಂದು ಪಂಚೆ ಸಿಗತ್ತಾ?” ಎಂದರು.

ನಾನು ಒಳಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನೇ ದುರುಗುಟ್ಟಿ ನೋಡಿದರು. ಶೆಡ್ಡು ಹೋಯಿತು ಎಂದುಕೊಂಡೆ. ಅವರು ಬೀರು ತೆಗೆದರು. ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಅರಿಶಿನ ಕುಂಕುಮ ಜೋಡಿಸಿದರು. ಅದರ ಮೇಲೆ ಹೊಸ ಜರಿಯಂಚಿನ ಪಂಚೆ ಇಟ್ಟು, ಸೀದಾ ಹಾಲಿಗೆ ಹೋಗಿ ಸೋದರಮಾವನ ಮುಂದೆ ಹಿಡಿದರು.

ಪಾಪ, ಅವರ ಕಣ್ಣಿಗೆ ಕಂಡದ್ದು ಪಂಚೆಯೊಂದೇ. ಎರಡೂ ಕೈ ಚಾಚಿ ತಟ್ಟೆಯನ್ನು ಬಾಚಿಕೊಂಡರು.

“ಅಣ್ಣ ತಾಂಬೂಲ ತಗೊಂಡ್ರು!” ಎಂದು ಹುಡುಗನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಣ್ಣಿನ ಕಡೆಯ ಹಿರಿಯರ ಕೈಯಿಂದ ಎಲೆಯಡಿಕೆ ತೆಗೆದುಕೊಂಡರೆ ಮಾತು ಕೊಟ್ಟಂತೆ, ಆಮೇಲೆ ಮನೆಗೆ ಹೋಗಿ ತಿಳಿಸುವುದೇನೂ ಉಳಿಯುವುದಿಲ್ಲ. ಹುಡುಗ, ಹುಡುಗಿ ಒಂದೇ ನೆಗೆತಕ್ಕೆ ಬಂದು ಅವರ ಕಾಲಿಗೆ ಬಿದ್ದರು. ಸೋದರಮಾವ ತಟ್ಟೆಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಏಳುವಂತಿಲ್ಲ, ಇಲ್ಲ ಎನ್ನುವಂತಿಲ್ಲ. ಕೂತಲ್ಲಿಂದಲೇ ಆಶೀರ್ವಾದ ಮಾಡಿದರು.

ನಮ್ಮ ಯಜಮಾನರು ದುಪ್ಪಟಿ ಅಡ್ಡ ಹಿಡಿದು ಅವರನ್ನು ಬಿಡಿಸಿದರು. ಜರಿ ಪಂಚೆಯುಟ್ಟು ಅವರು ಮದುಮಗನಂತೆ ಹೊರಟರು. ಹಳೇ ಪಂಚೆ ಕುರ್ಚಿಯಲ್ಲೇ ಉಳಿಯಿತು.

ಎಲ್ಲರೂ ಹೋದ ಮೇಲೆ ನಾನು, ಆಪಾ ತಲೆ ತಗ್ಗಿಸಿ ನಿಂತೆವು. “ನಾಳೆನೇ ಶೆಡ್ಡು ಖಾಲಿ ಮಾಡ್ತೀನಿ ಅತ್ತೆ” ಎಂದೆ.

ಅತ್ತೆ ಕುರ್ಚಿಯ ಸೀಟನ್ನು ಬೆರಳಿನಿಂದ ಒತ್ತಿ ನೋಡಿದರು. ಇನ್ನೂ ಅಂಟುತ್ತಿತ್ತು.

“ಶೆಡ್ಡು ನಿಂದೇ ಕಣಮ್ಮಿ” ಎಂದರು. “ಈ ಕುರ್ಚಿ ಮಾತ್ರ ಇಂಗೇ ಇರ್ಲಿ, ಒಣಗುಸ್ಬ್ಯಾಡ. ಚಿಕ್ಕ ಮೊಮ್ಮಗಳಿಗೂ ಇಪ್ಪತ್ಮೂರು ತುಂಬ್ತು.”