ಹೊಲಿಗೆ ಹಾಕದ ಸೂಜಿಯವರಿಗೆ

ರಾಜಾಜಿನಗರದ ಆಸ್ಪತ್ರೆಯೊಂದರ ಎರಡನೇ ಮಹಡಿಯಲ್ಲಿ, ಹಸಿರು ಬಟ್ಟೆಯ ಮೇಲೆ ಬಿಜಯಂಗೈದಿರುವ ಮಾನ್ಯ ಸೂಜಿಯವರ ಚೂಪಾದ ಸನ್ನಿಧಾನಕ್ಕೆ, ಮೂಡಲಪಾಳ್ಯದ ನಿವಾಸಿಯೂ ನಿವೃತ್ತ ಬಸ್ ಕಂಡಕ್ಟರನೂ ಆದ ಕೃಷ್ಣಯ್ಯನು ಸೊಂಟ ಬಗ್ಗಿಸಿ ಮಾಡುವ ನಮಸ್ಕಾರಗಳು. ಸೊಂಟ ಬಗ್ಗಿಸಿ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ನನ್ನ ದೂರು ಇರುವುದೇ ಅಲ್ಲಿ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದಿಲ್ಲವೆಂದು ನರ್ಸಮ್ಮ ಹೇಳಿದ್ದರಿಂದ, ಈ ಪತ್ರ ತಮ್ಮ ವಾರಸುದಾರರ ಕೈ ಸೇರಿದರೂ ಅಡ್ಡಿಯಿಲ್ಲ.

ಕೆಂಗೇರಿ, ಮಾಗಡಿ ಕಡೆಯ ರಸ್ತೆಗಳಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಟಿಕೆಟ್ಟು ಹಿಡಿದು, ಗುಂಡಿ ಬಂದಾಗಲೆಲ್ಲ ಯಾರದಾದರೂ ತೊಡೆಯ ಮೇಲೆ ಕೂತು, ಕ್ಷಮೆ ಕೇಳಿ ಎದ್ದು, ನಿಂತೇ ಆಯುಷ್ಯ ಸವೆಸಿದ ನನಗೆ ಸರ್ಕಾರ ಪಿಂಚಣಿಗೆ ಮೊದಲೇ ದಯಪಾಲಿಸಿದ್ದು ಸೊಂಟನೋವು. ಅದಕ್ಕೆ ನಾನು ಮಾಡದ ಸೇವೆಯಿಲ್ಲ. ಉಪ್ಪಿನ ಶಾಖ ಕೊಟ್ಟೆ, ಬೆಲ್ಟು ಕಟ್ಟಿದೆ, ಊರಿನಿಂದ ಎಣ್ಣೆ ತರಿಸಿ ಹಚ್ಚಿದೆ. ನೋವು ಆ ಎಣ್ಣೆಯನ್ನೇ ಉಂಡು ಇನ್ನಷ್ಟು ದಪ್ಪವಾಯಿತು.

ಕೊನೆಗೆ ಡಾಕ್ಟರಮ್ಮನವರು ಬೆನ್ನುಮೂಳೆಯ ಬೊಂಬೆಯೊಂದನ್ನು ಮುಂದಿಟ್ಟುಕೊಂಡು, ಸವೆದ ಕೀಲಿನಿಂದ ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ಸಣ್ಣ ನರವೊಂದು ಇದೆಯೆಂದೂ, ಸೂಜಿಯ ತುದಿಯಿಂದ ಅದಕ್ಕೆ ಬಿಸಿ ಮುಟ್ಟಿಸಿದರೆ ಅದು ಸುಮ್ಮನಾಗುತ್ತದೆಂದೂ ತಿಳಿಸಿದರು. ನಾನು ಅವರಿಗೆ ನಮ್ಮೂರ ಗೌಡನ ನಾಯಿಯ ಕಥೆ ಹೇಳಿದೆ. ಆ ನಾಯಿ ಕಳ್ಳ ಬಂದರೂ ಬೊಗಳುತ್ತಿತ್ತು, ನೆಂಟ ಬಂದರೂ ಬೊಗಳುತ್ತಿತ್ತು, ಕೊನೆಕೊನೆಗೆ ಚಂದ್ರ ಬಂದರೂ ಬೊಗಳತೊಡಗಿತು. ಒಂದು ದಿನ ಗೌಡ ರೇಗಿ, ತಪ್ಪಲೆಯಿಂದ ಆಗಷ್ಟೇ ತೆಗೆದ ಬಿಸಿ ಮುದ್ದೆಯನ್ನು ಎಸೆದ. ನಾಯಿ ಗಬಕ್ಕನೆ ನುಂಗಿತು. ಅಲ್ಲಿಗೆ ಬೊಗಳುವುದು ನಿಂತಿತು. ಡಾಕ್ಟರಮ್ಮ ನಕ್ಕು, "ಅದೇ ಸಾರ್, ನಾವು ಹಾಕೋದೂ ಬಿಸಿ ಮುದ್ದೇನೇ, ಸ್ವಲ್ಪ ಚಿಕ್ಕದು ಅಷ್ಟೇ" ಎಂದರು. ಎಷ್ಟು ಚಿಕ್ಕದು ಎಂದು ಆಗಲೇ ಕೇಳಬೇಕಿತ್ತು.

ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಮನೆಯವರಾದ ಕುಸುಮಾ ಎರಡು ಹೊದಿಕೆ, ಮೂರು ದಿನದ ಬಟ್ಟೆ, ದೊಡ್ಡ ಫ್ಲಾಸ್ಕು, ಗಂಜಿಗೆ ಅಕ್ಕಿ ನುಚ್ಚು, ದೇವರ ಕುಂಕುಮ ಎಲ್ಲವನ್ನೂ ಕಟ್ಟಿಕೊಂಡು, ಕಾಶಿಗೆ ಹೊರಟವರಂತೆ ಅಕ್ಕಪಕ್ಕದವರಿಗೆ ಹೇಳಿ ಹೊರಟರು. ನನ್ನನ್ನು ಬೋರಲು ಮಲಗಿಸಿದರು. ಮರಗಟ್ಟುವ ಔಷಧಿ ಕೊಟ್ಟರು. ತಲೆಯ ಮೇಲೆ ಎಕ್ಸ್‌ರೇ ಯಂತ್ರ ಗಡಿಯಾರದ ಮುಳ್ಳಿನಂತೆ ತಿರುಗಿತು. ತಾವು ಒಳಗೆ ಬಂದಿರಿ, ಏನೋ ಗುಂಯ್ ಎಂದಿತು, ತಾವು ಹೋದಿರಿ. ಒಂದು ಕೂಗು ಹಾಕೋಣವೆಂದರೆ ಅದಕ್ಕೂ ಅವಕಾಶ ಕೊಡಲಿಲ್ಲ. ಮಧ್ಯಾಹ್ನದ ಊಟಕ್ಕೆ ನಾನು ಮನೆಯಲ್ಲಿದ್ದೆ. ಕಟ್ಟಿದ ಗಂಟನ್ನು ಬಿಚ್ಚುತ್ತಾ ಕುಸುಮಾ, "ಇಷ್ಟಕ್ಕೇನಾ ನಾನು ಬೀದಿಗೆಲ್ಲಾ ಹೇಳ್ಕೊಂಡ್ ಬಂದಿದ್ದು?" ಎಂದು ನನ್ನನ್ನೇ ತಪ್ಪಿತಸ್ಥನನ್ನಾಗಿ ಮಾಡಿದರು.

ಮಾನ್ಯರೇ, ನಮ್ಮ ಕಡೆ ಆಸ್ಪತ್ರೆಯಿಂದ ಬಂದವರನ್ನು ನೋಡಲು ಜನ ಬರುತ್ತಾರೆ. ಬ್ರೆಡ್ಡು, ಮೋಸಂಬಿ, ಎಳನೀರು ತರುತ್ತಾರೆ. ತಂದವರಿಗೆ ಒಂದು ಹೊಲಿಗೆಯನ್ನಾದರೂ ತೋರಿಸುವುದು ಮರ್ಯಾದೆ. ಈ ಬಡಾವಣೆಯಾಗುವ ಮೊದಲು ಇದೇ ನೆಲದಲ್ಲಿ ರಾಗಿ ಬೆಳೆದ ಮನೆತನದ ರಾಮಮ್ಮನವರು ಮೋಸಂಬಿ ಇಟ್ಟು, ಕನ್ನಡಕ ಹಾಕಿಕೊಂಡು, ನನ್ನ ಬೆನ್ನನ್ನು ಹೊಲದ ಬದುವಿನಂತೆ ಹುಡುಕಿ, "ಅಯ್ಯೋ ಪಾಪ, ಇಲ್ಲಿ ಕೆಂಪಗೆ ಊದ್ಕೊಂಡೈತಲ್ಲಣ್ಣ!" ಎಂದು ಮರುಗಿದರು. ಅದು ಸೊಳ್ಳೆ ಕಚ್ಚಿದ ಗುರುತು. ತಮ್ಮದು ಅದಕ್ಕಿಂತ ಕೆಳಗೆ, ಸಾಸಿವೆಯಷ್ಟಿತ್ತು. ಜೊತೆಗೆ ಬಂದಿದ್ದ ಹರಿಹರದ ಕಡೆಯ ಕರಿಬಸಪ್ಪನವರು, ಬಟ್ಟೆ ಅಂಗಡಿಯಲ್ಲಿ ಜೀವನಪೂರ್ತಿ ಸೂಜಿ ಕಂಡವರು, "ಇದಕ್ಕ ಆಪರೇಷನ್ ಅಂತಾರೇನ್ರೀ? ನಮ್ಮೂರ ದನದ ಡಾಕ್ಟ್ರು ಇದಕ್ಕಿಂತ ದೊಡ್ಡದು ಚುಚ್ಚತಾರ, ಎಮ್ಮಿ ತಿರುಗಿ ಸೈತ ನೋಡಂಗಿಲ್ಲ" ಎಂದು ತಂದಿದ್ದ ಎಳನೀರನ್ನು ತಾವೇ ಕುಡಿದು ಹೋದರು.

ಇದನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಕೆಲವು ದಿನ ಬೆನ್ನು ಚುರುಗುಟ್ಟಿ, ಆಮೇಲೆ ಒಂದು ಬೆಳಿಗ್ಗೆ ನೋವು ಹೇಳದೆ ಕೇಳದೆ ಹೊರಟುಹೋಯಿತು. ಅಲ್ಲಿಂದಲೇ ನನ್ನ ಕಷ್ಟ ಶುರುವಾದದ್ದು.

ನಮ್ಮ ಪಾರ್ಕಿನಲ್ಲಿ ಹೊಂಗೆ ಮರದ ಕೆಳಗೊಂದು ಕಲ್ಲು ಬೆಂಚಿದೆ. ಅದು ಸೊಂಟನೋವಿನವರ ಪೀಠ. ಮೂರೇ ಜನಕ್ಕೆ ಜಾಗ: ಕರಿಬಸಪ್ಪ, ರಾಮಮ್ಮ, ನಾನು. ಅಲ್ಲಿಂದ ಏಳುವಾಗ ಅವರವರ ಮನೆದೇವರನ್ನು ಕೂಗಿಯೇ ಏಳಬೇಕು, ಅದು ಪದ್ಧತಿ. ಅಲ್ಲಿ ಬೆಳಿಗ್ಗೆ ಕೂತು ಕಥೆ ಹೇಳುವುದು, ಕಥೆ ಕೇಳುವುದು ನಿವೃತ್ತಿಯ ನಂತರ ನನಗೆ ಉಳಿದ ಒಂದೇ ಉದ್ಯೋಗ. ಹೀಗಿರಲು ಒಂದು ದಿನ ಆಡುವ ಮಕ್ಕಳ ಚೆಂಡು ಉರುಳಿ ಬಂತು. ನಾನು ಮೈಮರೆತು ಎದ್ದೆ, ಬಗ್ಗಿದೆ, ಚೆಂಡನ್ನೆತ್ತಿ ಎಸೆದೆ. ಯಾವ ದೇವರನ್ನೂ ಕರೆಯಲಿಲ್ಲ.

"ಕೃಷ್ಣಯ್ಯನವರ, ನೀವು ಬಗ್ಗಿದ್ರಿ" ಎಂದರು ಕರಿಬಸಪ್ಪ, ಕಳ್ಳತನ ಕಂಡವರ ಹಾಗೆ.

ಅದೇ ಹೊತ್ತಿಗೆ ಸರಿಯಾಗಿ, ಶಾಲೆಯ ವ್ಯಾನು ಓಡಿಸುವ ಹನುಮೇಶ ಎಂಬುವನು ಸೊಂಟಕ್ಕೆ ಹೊಸ ಬೆಲ್ಟು ಕಟ್ಟಿಕೊಂಡು, ಒಂದು ಕಡೆಗೆ ವಾಲಿಕೊಂಡು ಎದುರಿಗೆ ಬಂದು ನಿಂತ. ರಾಮಮ್ಮ ನನ್ನ ಕಡೆ ನೋಡಿದರು. ಗಟ್ಟಿಯಾಗಿರುವವರು ಎದ್ದು ಕೈಲಾಗದವರಿಗೆ ಸೀಟು ಬಿಡಿ ಎಂದು ಸರ್ವೀಸಿನ ಉದ್ದಕ್ಕೂ ಬಸ್ಸಿನಲ್ಲಿ ಗಂಟಲು ಹರಿದುಕೊಂಡವನು ನಾನೇ. ಈಗ ನನ್ನ ಕಾನೂನು ನನಗೇ ಸೀಟಿ ಊದಿತು. ಎದ್ದೆ.

ಅಂದಿನಿಂದ ನಾನು ಪಾರ್ಕಿನಲ್ಲಿ ಸುತ್ತು ಹಾಕುತ್ತೇನೆ. ಬೆಂಚನ್ನು ಹಾಯುವಾಗ ಕಿವಿಗೆ ಬಿದ್ದಷ್ಟೇ ನನ್ನ ಪಾಲು. ಒಂದು ಸುತ್ತಿನಲ್ಲಿ ಕರಿಬಸಪ್ಪನವರ ಷಡ್ಡಕ ಬೀಗರ ಮನೆಯಲ್ಲಿ ಹೋಳಿಗೆಗೆ ಕೂತಿದ್ದ; ಮುಂದಿನ ಸುತ್ತಿಗೆ ಪೊಲೀಸರು ಬಂದಿದ್ದರು; ಅದರ ಮುಂದಿನ ಸುತ್ತಿಗೆ ಅವನೇ ಮಾವಿನ ಮರದ ಮೇಲಿದ್ದ. ನಡುವೆ ಏನು ನಡೆಯಿತು ಎಂದು ಯೋಚಿಸಿ ನನಗೆ ನಿದ್ದೆ ಬರುತ್ತಿಲ್ಲ. ಮನೆಯಲ್ಲಾದರೂ ಗೌರವವಿದೆಯೇ ಎಂದರೆ, ಅಟ್ಟದ ಮೇಲಿನ ಹಿತ್ತಾಳೆ ಹಂಡೆಯಿಂದ ಹಿಡಿದು ಗ್ಯಾಸ್ ಸಿಲಿಂಡರಿನವರೆಗೆ ಎಲ್ಲಕ್ಕೂ ಕುಸುಮಾ ಅವರದು ಒಂದೇ ಮಂತ್ರ: "ಬೆನ್ನು ಸರಿಹೋಯ್ತಲ್ಲಾ, ಎತ್ತಿ."

ಹತಾಶನಾಗಿ ಒಂದು ಬೆಳಿಗ್ಗೆ ಬೆಂಚಿನ ಮುಂದೆ ಸೊಂಟ ಹಿಡಿದುಕೊಂಡು, "ಅಯ್ಯಪ್ಪಾ, ತಿಮ್ಮಪ್ಪಾ" ಎಂದು ನರಳಿದೆ. ರಾಮಮ್ಮ ಅರೆಗಣ್ಣಿನಲ್ಲೇ ನೋಡಿ, "ಅಣ್ಣಾ, ನಿಂದು ಬಲಗಡೆ ಅಲ್ವಾ ಇದ್ದುದ್ದು? ಎಡಗಡೆ ಯಾಕ್ ಹಿಡ್ಕೊಂಡಿದ್ದೀಯ?" ಎಂದರು. ಹನುಮೇಶ ನಕ್ಕ, ನಕ್ಕದ್ದಕ್ಕೆ ಅವನ ಸೊಂಟ ಹಿಡಿದುಕೊಂಡಿತು. ಅವನ ಭಾಗ್ಯ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ. ಮುಂದೆ ತಾವು ಯಾರ ಬೆನ್ನಿಗೆ ಆಗಮಿಸಿದರೂ, ನೆಂಟರ ಬ್ರೆಡ್ಡಿಗೆ ತಕ್ಕಷ್ಟಾದರೂ ಗಾಯ ಮಾಡಿ ಹೋಗಬೇಕು. ಮನೆ ಧೂಳು ಹೊಡೆಯುವ ಶನಿವಾರಗಳಂದು ಮಾತ್ರ ನೋವು ಹಾಜರಾಗುವ ವ್ಯವಸ್ಥೆಯಾದರೆ ಉತ್ತಮ. ಅದೂ ಆಗದಿದ್ದರೆ ತಾವೇ ಖುದ್ದಾಗಿ ನಮ್ಮ ಪಾರ್ಕಿಗೆ ಬಂದು, ಈತ ನಿಜಕ್ಕೂ ನರಳಿದ್ದವನು ಎಂದು ಬೆಂಚಿನ ಮುಂದೆ ಸಾಕ್ಷಿ ನುಡಿಯಬೇಕು. ಬಂದು ಹೋಗುವ ಆಟೋ ಖರ್ಚು ನನ್ನದು.

ಹೀಗೆಂದು ಬರೆದು ಮುಗಿಸುವವನಿದ್ದೆ. ಅಷ್ಟರಲ್ಲಿ ಮತ್ತೆ ತೋರಿಸಿಕೊಳ್ಳುವ ದಿನ ಬಂತು. ಡಾಕ್ಟರಮ್ಮ ಬೆನ್ನನ್ನು ಒತ್ತಿ ನೋಡಿ, "ಸದ್ಯಕ್ಕೆ ಚೆನ್ನಾಗಿದೆ ಸಾರ್. ಆದ್ರೆ ನರ ಮತ್ತೆ ಬೆಳೀಬಹುದು, ವರ್ಷವೋ ಎರಡು ವರ್ಷವೋ. ನೋವು ವಾಪಸ್ ಬಂದ್ರೆ ಇನ್ನೊಂದ್ಸಲ ಮಾಡೋಣ" ಎಂದರು. ಗೌಡನ ನಾಯಿಯ ಕಥೆಗೆ ಒಂದು ಬಾಲವಿದೆ, ನಾನು ಅವರಿಗೆ ಹೇಳಿರಲಿಲ್ಲ. ಬಾಯಿ ಸುಟ್ಟ ನಾಯಿ ಆರು ತಿಂಗಳು ಮೌನವಾಗಿದ್ದು, ಮುಂದಿನ ಹುಣ್ಣಿಮೆಗೆ ಚಂದ್ರನನ್ನು ನೋಡಿ, ಮೆಲ್ಲಗೆ ಒಮ್ಮೆ ಬೊಗಳಿ ನೋಡಿತಂತೆ. ಗೌಡನ ಹೆಂಡತಿ ಎದ್ದು ಕೂತು, "ಸದ್ಯ, ಮನೆ ಮನೆ ಅನ್ನಿಸ್ತು" ಎಂದಳಂತೆ.

ನರ ಮತ್ತೆ ಬೆಳೆಯಬಹುದೆಂಬ ಸುದ್ದಿಯನ್ನು ಸುತ್ತು ಹಾಕುತ್ತಲೇ ಬೆಂಚಿಗೆ ಹೇಳಿ ಹೋದೆ. ಮರುದಿನ ಬಂದಾಗ ಮೂವರೂ ಒಬ್ಬರಿಗೊಬ್ಬರು ಒತ್ತಿಕೊಂಡು, ರಾಮಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬೆಂಚಿನ ತುದಿಯಲ್ಲಿ ಕರಿಬಸಪ್ಪನವರ ಕೆಂಪು ಚೌಕುಳಿಯ ಟವೆಲ್ಲು ಹಾಸಿತ್ತು.

"ನಿಮ್ಮ ನರ ಬರೋತನಕ ಸೀಟು ಹಿಡದೇವ್ರಿ. ಕೂಡ್ರಿ" ಎಂದರು.

ಮಾನ್ಯರೇ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಮೇಲೆ ಜೀವಮಾನವಿಡೀ ಸಮರ ಸಾರಿದವನು ನಾನು. ಎಷ್ಟು ಟವೆಲ್ಲುಗಳನ್ನು ಅದೇ ಕಿಟಕಿಯಿಂದ ಆಚೆಗೆ ಹಾರಿಸಿದ್ದೇನೋ ಲೆಕ್ಕವಿಲ್ಲ. ಈ ಟವೆಲ್ಲನ್ನು ಕೊಡವಿದೆ, ಎರಡು ಮಡಿಕೆ ಮಡಿಸಿದೆ, ಅದರ ಮೇಲೆಯೇ ಕೂತೆ. ಅರ್ಧ ಸೊಂಟಕ್ಕೆ ಮಾತ್ರ ಜಾಗ ಸಿಕ್ಕಿತು. "ಈಗ ಮೊದಲಿಂದ ಹೇಳಿ" ಎಂದೆ, "ಹೋಳಿಗೆಗೆ ಕೂತೋನು ಮರ ಹೆಂಗ್ ಹತ್ತಿದ?"

ತಮ್ಮ ಸಾಸಿವೆಯಷ್ಟು ತೂತಿನ ವಿಶ್ವಾಸಿ,
ಕೃಷ್ಣಯ್ಯ
ಮೂಡಲಪಾಳ್ಯ

ಮರೆತ ಮಾತು: ಬರುವ ಬುಧವಾರ ಕರಿಬಸಪ್ಪನವರು ಯಾರಿಗೂ ಹೇಳಬೇಡಿ ಎಂದು ನಮ್ಮೆಲ್ಲರಿಗೂ ಹೇಳಿ, ತಮ್ಮ ಬಳಿಗೇ ಬರುತ್ತಿದ್ದಾರೆ. ದನದ ಡಾಕ್ಟರ ಸೂಜಿಯ ವಿಷಯ ತಮಗೆ ನೆನಪಿರಲಿ. ಅವರಿಗಾಗಿ ಬ್ರೆಡ್ಡು ನಾನೇ ಒಯ್ಯುತ್ತೇನೆ, ಕನ್ನಡಕವನ್ನೂ ಒಯ್ಯುತ್ತೇನೆ, ಅವರ ಎಳನೀರನ್ನು ನಾನೇ ಕುಡಿಯುತ್ತೇನೆ. ಈ ಪತ್ರದ ಪ್ರತಿಯೊಂದನ್ನು ಆ ಸೊಳ್ಳೆಗೂ ಕಳುಹಿಸಿದ್ದೇನೆ. ತಮ್ಮಿಬ್ಬರಲ್ಲಿ ಅದೊಂದೇ ಕಣ್ಣಿಗೆ ಬೀಳುವ ಗುರುತು ಬಿಟ್ಟುಹೋದದ್ದು.